ರಕ್ತಚಂದನ ಹೋಗುವುದು ಅಣುಸ್ಥಾವರಕ್ಕೋ, ಚೀನಾದ ಕಪಾಟಿಗೋ?

"ರಕ್ತಚಂದನ ವಿಕಿರಣ ಹೀರುತ್ತದೆ, ಜಪಾನಿನವರು ಅಣುಸ್ಥಾವರಕ್ಕಾಗಿ ಕೋಟಿ ಕೊಟ್ಟು ಕೊಳ್ಳುತ್ತಾರೆ, ಇಂದೇ ಗಿಡ ನೆಡಿ" ಎಂಬ ಫಾರ್ವರ್ಡ್ ನಿಮಗೂ ಬಂದಿರಬಹುದು. ಕುಂಬ್ರದ ಅಡಿಕೆ ತೋಟದ ಬದಿಯಲ್ಲಿ ಅದನ್ನು ನೆಡುವ ಮೊದಲು ನಿಜ ಏನೆಂದು ನೋಡೋಣ.

ಅಣುಸ್ಥಾವರದಲ್ಲಿ ವಿಕಿರಣ ತಡೆಯುವುದು ಕಾಂಕ್ರೀಟ್, ಉಕ್ಕು, ನೀರು, ಸೀಸ. ನ್ಯೂಟ್ರಾನ್ ಹೀರಲು ಬೋರಾನ್, ಕ್ಯಾಡ್ಮಿಯಂ ಇವೆ. ಮರಕ್ಕೆ ಅಲ್ಲಿ ಕೆಲಸವಿಲ್ಲ.

ಹಾಗಾದರೆ ಇಷ್ಟು ಬೇಡಿಕೆ ಏಕೆ? ಮುಖ್ಯ ಕಾರಣ ಚೀನಾದ ಪೀಠೋಪಕರಣ. ಚಿಂಗ್ ಅರಸರ ಕಾಲದಲ್ಲಿ (1644–1912) ಅರಮನೆಯ ಕಪಾಟು, ಕುರ್ಚಿಗಳಿಗೆ 'ಜಿತಾನ್' ಮರಕ್ಕೆ ಅಗ್ರಸ್ಥಾನವಿತ್ತು. ಇಂದು ಆ ಹೆಸರಿನಲ್ಲಿ ಮಾರಾಟವಾಗುವುದು ನಮ್ಮ ರಕ್ತಚಂದನವೇ. ನೀರಿನಲ್ಲಿ ಮುಳುಗುವಷ್ಟು ಭಾರ, ಸೂಕ್ಷ್ಮ ಕೆತ್ತನೆಗೆ ಒಗ್ಗುವ ಮರ. ಹಳೆಯ ಕಪಾಟುಗಳ ಪ್ರತಿಷ್ಠೆಯೇ ಇದರ ಬೆಲೆ ಏರಿಸಿದೆ. ಬೀಜಿಂಗ್‌ನಲ್ಲಿ 1999ರಲ್ಲಿ ಇದಕ್ಕೆಂದೇ ಮ್ಯೂಸಿಯಂ ತೆರೆಯಿತು. ಜಪಾನಿನಲ್ಲಿ ಇದರಿಂದ ಶಾಮಿಸೆನ್ ಎಂಬ ತಂತಿವಾದ್ಯದ ಹಿಡಿ ಮಾಡುತ್ತಾರೆ.

ಇನ್ನು ನಮ್ಮ ತೋಟದ ಲೆಕ್ಕ. ಈ ಮರದ ತವರು ಆಂಧ್ರದ ಕಡಪ, ಚಿತ್ತೂರು ಕಡೆಯ ಒಣ, ಕಲ್ಲು ಗುಡ್ಡ. ಪುತ್ತೂರಿನ ಜಡಿಮಳೆಯ ನೆಲವೇ ಬೇರೆ. ಬೆಲೆ ಇರುವುದು ಒಳಗಿನ ಕೆಂಪು ತಿರುಳಿಗೆ, ಅದು ಬಲಿಯಲು ದಶಕಗಳು ಬೇಕು. 1995ರಿಂದ ಇದು ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿದೆ. ಸ್ವಂತ ತೋಟದ ಮರವನ್ನೂ ಅನುಮತಿ ಇಲ್ಲದೆ ವಿದೇಶಕ್ಕೆ ಕಳಿಸುವಂತಿಲ್ಲ.

ಗಿಡ ನೆಡುವುದು ತಪ್ಪಲ್ಲ. ಆದರೆ ಸಸಿಗೆ ದುಡ್ಡು ಕೊಡುವ ಮೊದಲು ಅರಣ್ಯ ಇಲಾಖೆಯಲ್ಲಿ ಕಡಿಯುವ, ಸಾಗಿಸುವ ನಿಯಮ ಕೇಳಿ. ಫಾರ್ವರ್ಡ್ ಕಳಿಸಿದವರಿಗೂ ಇದನ್ನು ಕಳಿಸಿ.