ತಾಡಪತ್ರಿ ಗೊತ್ತಿಲ್ಲದ ಸರ್ಚ್ ಎಂಜಿನ್

"ಸರ್ಚ್ ಹಳೇದಾಯ್ತು, ಕಿತ್ತು ಹೊಸದು ಹಾಕೋಣ." ಆನ್‌ಲೈನ್ ಅಂಗಡಿ ನಡೆಸುವ ಯಾವ ಕಂಪನಿಯ ಮೀಟಿಂಗ್ ರೂಮಿನಲ್ಲಿ ಕೂತರೂ ಈ ಮಾತು ಕಿವಿಗೆ ಬೀಳುತ್ತೆ. ಹತ್ತು ವರ್ಷದಲ್ಲಿ ನಾನೇ ಮೂರು ಸಲ ಕಿತ್ತಿದ್ದೀನಿ, ಮೂರು ಸಲ ಹಾಕಿದ್ದೀನಿ. ಸಂಬಳ ಏರಿತು, ಪ್ರಮೋಷನ್ ಬಂತು. ಹುಡುಕಿದವರಿಗೆ ಸಾಮಾನು ಮಾತ್ರ ಸಿಗಲಿಲ್ಲ. ಹಾಗಾಗಿ ಇಲ್ಲಿ ಬೈಸಿಕೊಳ್ಳುವವರಲ್ಲಿ ನಾನೂ ಒಬ್ಬ.

ನಮ್ಮೂರು ದೇವದುರ್ಗ ತಾಲ್ಲೂಕಿನಲ್ಲಿ, ಅವ್ವನ ತವರು ಮಾನ್ವಿ ಕಡೆ. ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ ನೀರು ಬಂದ ವರ್ಷ ಸೋದರಮಾವ ಭತ್ತ ಹಾಕ್ತಾನೆ. ಒಂದು ವರ್ಷ ರಸ್ತೆ ಮೇಲೆ ಒಣಗಲು ಹರಡಿದ್ದ ಭತ್ತ ಅಕಾಲದ ಮಳೆಗೆ ಸಿಕ್ಕು ಮೊಳಕೆ ಒಡೆಯಿತು. ಮರುವರ್ಷ ಕೊಯ್ಲಿಗೆ ಮುಂಚೆಯೇ ಎರಡು ದೊಡ್ಡ ತಾಡಪತ್ರಿ ತರಿಸಿಡೋಣ ಅಂದುಕೊಂಡ. ಅಳಿಯ ಕೆಲಸ ಮಾಡೋ ಅಂಗಡಿ ಇರುವಾಗ ಬೇರೆ ಕಡೆ ಯಾಕೆ ಅಂತ ನಮ್ಮ ಆ್ಯಪ್ ತೆಗೆದ. ಅಂಗಡಿಯ ಹೆಸರು ಇಲ್ಲಿ ಬೇಡ, ಕೃಷಿ ಸಾಮಾನಿನಿಂದ ಕಿರಾಣಿವರೆಗೆ ಎಲ್ಲ ಮಾರುವಂಥದ್ದು. ಮಾವ ಟೈಪ್ ಮಾಡೋನಲ್ಲ, ಮೈಕ್ ಒತ್ತಿ ಮಾತಾಡೋನು. 2017ರಲ್ಲೇ ಗೂಗಲ್ ಕನ್ನಡದ ಮಾತನ್ನು ಅಕ್ಷರಕ್ಕಿಳಿಸೋ ಸೌಲಭ್ಯ ಕೊಟ್ಟಿತ್ತಲ್ಲ. ಮಾವ "ತಾಡಪತ್ರಿ" ಅಂದ, ಫೋನ್ ಒಂದಕ್ಷರ ತಪ್ಪದೆ ಬರೆಯಿತು. ನಮ್ಮ ಆ್ಯಪ್ ಅಷ್ಟೇ ಅಚ್ಚ ಕನ್ನಡದಲ್ಲಿ "ಯಾವುದೇ ಉತ್ಪನ್ನ ಕಂಡುಬಂದಿಲ್ಲ" ಅಂತ ಉತ್ತರ ಕೊಟ್ಟಿತು.

ಸಂಜೆ ಫೋನ್ ಬಂತು. "ಏನೋ ಅಳಿಯಾ, ಅಷ್ಟು ದೊಡ್ಡ ಅಂಗಡಿ ಅಂತಿ, ಒಂದು ತಾಡಪತ್ರಿ ಇಲ್ಲೇನೋ ನಿಮ್ಮಲ್ಲಿ?"

ಇತ್ತು. ಗೋಡೌನಿನಲ್ಲಿ ರಾಶಿ ಬಿದ್ದಿತ್ತು. ಆದರೆ ಕ್ಯಾಟಲಾಗಿನಲ್ಲಿ ಅದರ ಹೆಸರು ಇಂಗ್ಲಿಷಿನಲ್ಲಿ, "ಎಚ್‌ಡಿಪಿಇ ಟಾರ್ಪಾಲಿನ್ ಶೀಟ್" ಅಂತ. ಬಟನ್, ಮೆನು, ಕ್ಷಮಾಪಣೆ ಎಲ್ಲ ಕನ್ನಡಕ್ಕೆ ತಂದಿದ್ದೆವು, ಸಾಮಾನಿನ ಹೆಸರನ್ನು ಬಿಟ್ಟು. ಮಾವ ಮರುದಿನ ಮಾನ್ವಿ ಬಜಾರಿಗೆ ಹೋದ. ಅಲ್ಲಿ ಅಂಗಡಿ ಹುಡುಗ ಕೇಳಿದ್ದು ಒಂದೇ ಪ್ರಶ್ನೆಯಂತೆ: "ಎಷ್ಟು ಬೈ ಎಷ್ಟು ಬೇಕ್ರಿ?" ಅಲ್ಲಿಗೆ ಸರ್ಚ್ ಮುಗೀತು.

ಒಳಗೆ ಏನು ನಡೀತಿತ್ತು ಅಂತ ಸ್ವಲ್ಪ ಹೇಳಬೇಕು. ನಮ್ಮದು ಮ್ಯಾಜೆಂಟೊ ಮೊದಲ ಆವೃತ್ತಿಯ ಮೇಲೆ ಕಟ್ಟಿದ ಅಂಗಡಿ. 2008ರಲ್ಲಿ ಬಂದ ಆ ಸಾಫ್ಟ್‌ವೇರ್ ಮೇಲೆ ಆ ಕಾಲದ ಎಷ್ಟೋ ಆನ್‌ಲೈನ್ ಅಂಗಡಿಗಳು ನಿಂತಿದ್ದವು. ಅದರ ಸರ್ಚ್ ಅಂದರೆ ಮೈಎಸ್‌ಕ್ಯುಎಲ್ ಡೇಟಾಬೇಸಿನಲ್ಲಿ ಪದ ಹೋಲಿಸಿ ನೋಡೋದು, ಅಷ್ಟೇ. ಫುಲ್‌ಟೆಕ್ಸ್ಟ್ ವಿಧಾನ ಇಟ್ಟುಕೊಂಡರೆ ಇನ್ನೊಂದು ಫಜೀತಿ. ಮೈಐಸ್ಯಾಮ್ ಟೇಬಲ್ಲುಗಳಲ್ಲಿ 4 ಅಕ್ಷರಕ್ಕಿಂತ ಚಿಕ್ಕ ಪದವನ್ನು ಅದು ಇಂಡೆಕ್ಸ್‌ಗೆ ಸೇರಿಸುವುದೇ ಇಲ್ಲ, ಕಾನ್ಫಿಗರೇಷನ್ ನಾವೇ ಬದಲಿಸದ ಹೊರತು. ಇಂಗ್ಲಿಷಿನಲ್ಲಿ ದಾಲ್ ಅಂತ ಬರೆದರೆ 3 ಅಕ್ಷರ, ಆಯಿಲ್ ಅಂತ ಬರೆದರೂ 3. ಬೇಳೆ, ಎಣ್ಣೆ ಹುಡುಕಲು ಆಗದ ಕಿರಾಣಿ ಅಂಗಡಿಯನ್ನು ನಾವು ಕೆಲವು ತಿಂಗಳು ನಡೆಸಿದೆವು ಅಂದರೆ ನಂಬಿ.

2020ರ ಜೂನ್ 30ಕ್ಕೆ ಆ ಆವೃತ್ತಿಗೆ ಸೆಕ್ಯುರಿಟಿ ಪ್ಯಾಚ್ ಬರೋದು ನಿಂತಿತು. ಜನರ ದುಡ್ಡು ಓಡಾಡುವ ಜಾಗದಲ್ಲಿ ಪ್ಯಾಚ್ ಇಲ್ಲದ ಸಾಫ್ಟ್‌ವೇರ್ ಇಟ್ಟುಕೊಳ್ಳೋದು ತಪ್ಪು, ಬದಲಾಯಿಸಲೇಬೇಕಿತ್ತು. ಅದರ ಬಗ್ಗೆ ನನ್ನ ತಕರಾರಿಲ್ಲ. ಮುಂದಿನ ತಿಂಗಳು ಬಂದ 2.4ರಲ್ಲಿ ಮೈಎಸ್‌ಕ್ಯುಎಲ್ ಸರ್ಚನ್ನೇ ತೆಗೆದು, ಎಲಾಸ್ಟಿಕ್‌ಸರ್ಚ್ ಕಡ್ಡಾಯ ಮಾಡಿದರು. ನಾವೂ ಹೋದೆವು. ಸರ್ವರ್ ಬಂತು, ಡ್ಯಾಶ್‌ಬೋರ್ಡ್ ಬಂತು, ಫಲಿತಾಂಶ ಮಿಲಿಸೆಕೆಂಡಿನಲ್ಲಿ ಬರತೊಡಗಿತು. ಕೇಕ್ ಕತ್ತರಿಸಿದೆವು. ತಾಡಪತ್ರಿಗೆ ಈಗಲೂ ಸೊನ್ನೆ, ಆದರೆ ಬಹಳ ಬೇಗ ಬರುವ ಸೊನ್ನೆ.

ಬರೆಯುವಾಗ ತಪ್ಪಾದರೆ ಎಲಾಸ್ಟಿಕ್‌ಸರ್ಚ್ ತಾನೇ ಸರಿಮಾಡಿಕೊಳ್ಳುತ್ತಲ್ಲ ಅಂತೀರಿ. ಮಾಡಿಕೊಳ್ಳುತ್ತೆ, ಹೆಚ್ಚೆಂದರೆ ಎರಡಕ್ಷರದ ತಪ್ಪಿನವರೆಗೆ. ತಾಡಪತ್ರಿಯಿಂದ ಟಾರ್ಪಾಲಿನ್‌ಗೆ ಎರಡಕ್ಷರದ ದೂರವೇ?

ಅದರೊಳಗಿನ ಲೂಸಿನ್‌ನಲ್ಲಿ ಹಿಂದಿಗೆ, ಬಂಗಾಳಿಗೆ, ತಮಿಳಿಗೆ, ತೆಲುಗಿಗೆ ಪದದ ಬಾಲ ಕತ್ತರಿಸಿ ಮೂಲರೂಪ ಹುಡುಕುವ ಸಲಕರಣೆ ಇದೆ. ಕನ್ನಡಕ್ಕೆ ಇಲ್ಲ. ಪಕ್ಕದ ಗದ್ವಾಲದವನು ತೆಲುಗಿನಲ್ಲಿ ಪ್ರತ್ಯಯ ಹಚ್ಚಿ ಹುಡುಕಿದರೆ ಸಿಕ್ಕೀತು. ಮಾನ್ವಿಯವನು "ಭತ್ತಕ್ಕೆ" ಅಂತ ಹುಡುಕಿದರೆ "ಭತ್ತ" ಸಿಗೋದಿಲ್ಲ. ಅರ್ಧಾಕ್ಷರದ ಮುಂದೆ ಕೂರುವ ಆ ಕಾಣದ ಯೂನಿಕೋಡ್ ಗುರುತಿನದು ಇನ್ನೊಂದು ಕಥೆ. ಕ್ಯಾಟಲಾಗಿನಲ್ಲಿ "ಪೈಪ್‌ಲೈನ್", ಗಿರಾಕಿ ಟೈಪ್ ಮಾಡಿದ್ದು "ಪೈಪ್ಲೈನ್". ಕಂಪ್ಯೂಟರಿಗೆ ಇವೆರಡು ಬೇರೆ ಬೇರೆ. ಅದನ್ನು ತೆಗೆಯುವ ಫಿಲ್ಟರ್ ಎರಡು ಸಾಲಿನ ಕೆಲಸ. ನಾವು ಹಾಕಿರಲಿಲ್ಲ. ಕನ್ನಡದ ಸರ್ಚನ್ನು ಕನ್ನಡದಲ್ಲಿ ಟೈಪ್ ಮಾಡಿ ಟೆಸ್ಟ್ ಮಾಡಿದವರು ಟೀಮಿನಲ್ಲಿ ಯಾರೂ ಇರಲಿಲ್ಲ. ಟೀಮಿನಲ್ಲಿ ಕನ್ನಡದವರು ಐದು ಜನ ಇದ್ದೆವು.

ಹೊಟ್ಟೆ ಉರಿಯೋ ವಿಷಯ ಬೇರೆಯೇ ಇದೆ. ಆ ಹಳೇ, ಮುದಿ ಮ್ಯಾಜೆಂಟೊದ ಅಡ್ಮಿನ್‌ನಲ್ಲೇ "ಸರ್ಚ್ ಟರ್ಮ್ಸ್" ಅನ್ನೋ ಒಂದು ಪುಟ ಇತ್ತು. ಜನ ಏನು ಹುಡುಕಿದರು, ಎಷ್ಟು ಸಲ ಹುಡುಕಿದರು, ಎಷ್ಟು ಫಲಿತಾಂಶ ಬಂತು, ಎಲ್ಲ ಅದರಲ್ಲಿ ಬಿದ್ದಿರುತ್ತಿತ್ತು. ಪಕ್ಕದಲ್ಲೇ "ಈ ಪದ ಯಾವ ಪದಕ್ಕೆ ಸಮ" ಅಂತ ತುಂಬಲು ಒಂದು ಖಾಲಿ ಜಾಗ. ಯಾವ ಹೊಸ ಎಂಜಿನ್ನೂ ಬೇಕಿರಲಿಲ್ಲ. ವರ್ಷಗಟ್ಟಲೆ ಜನ ಬಂದು ತಮ್ಮ ಬಾಯಿಂದ ತಮಗೆ ಬೇಕಾದ್ದನ್ನು ಹೇಳಿಹೋಗಿದ್ದರು, ನಾವು ಆ ಪುಟ ತೆಗೆದೇ ನೋಡಿರಲಿಲ್ಲ. ಮಾವನ ಫೋನಿನ ನಂತರ ಹಳೇ ಬ್ಯಾಕಪ್ ತೆಗೆದು ನೋಡಿದೆ. ಸೊನ್ನೆ ಫಲಿತಾಂಶದ ಸಾಲುಗಳಲ್ಲಿ ನಮ್ಮೂರೇ ಕೂತಿತ್ತು. ತಾಡಪತ್ರಿ, ತಾಡಪಾಲ್, ತಿರ್ಪಾಲ್ ಎಲ್ಲ ಕನ್ನಡದಲ್ಲೂ ಇಂಗ್ಲಿಷ್ ಅಕ್ಷರದಲ್ಲೂ, ಮನಸ್ಸಿಗೆ ಬಂದ ಸ್ಪೆಲಿಂಗಿನಲ್ಲಿ. ಶೇಂಗಾ. ಮಂಡಾಳು. ಕುಸುಬಿ ಎಣ್ಣಿ.

ಮಂಡಾಳು ಒಂದನ್ನೇ ತಗೊಳ್ಳಿ. ದಾವಣಗೆರೆಗೆ ಬಂದರೆ ಮಂಡಕ್ಕಿ, ಧಾರವಾಡದಲ್ಲಿ ಚುರುಮುರಿ, ಬೆಂಗಳೂರಿನಲ್ಲಿ ಕಡ್ಲೆಪುರಿ, ನಮ್ಮ ಕ್ಯಾಟಲಾಗಿನಲ್ಲಿ ಪಫ್ಡ್ ರೈಸ್. ರಾಯಚೂರಿನವ "ಕಡ್ಲಿ" ಅಂದರೆ ಕಡಲೆಕಾಳು, ಬೆಂಗಳೂರಿನವನಿಗೆ ಕಡ್ಲೆಕಾಯಿ ಅಂದರೆ ನಮ್ಮ ಶೇಂಗಾ. ಇದನ್ನು ಯಾವ ಅಲ್ಗಾರಿದಮ್ಮೂ ಅಕ್ಷರ ನೋಡಿ ಊಹಿಸಲಾರದು. ದೇವದುರ್ಗದಲ್ಲಿ ಹತ್ತಿಗೆ ಔಷಧ ಸಿಂಪಡಿಸೋದಕ್ಕೆ "ಎಣ್ಣಿ ಹೊಡಿಯೋದು" ಅಂತೀವಿ. ಒಬ್ಬರು "ಎಣ್ಣಿ ಪಂಪ" ಹುಡುಕಿದ್ದಕ್ಕೆ ನಮ್ಮ ಹೊಸ ಎಂಜಿನ್ ಬಹಳ ಉತ್ಸಾಹದಿಂದ ಅಡುಗೆಮನೆಯಲ್ಲಿ ಎಣ್ಣೆ ಸುರಿಯುವ ಪುಟ್ಟ ಡಬ್ಬಿ ತೋರಿಸಿತ್ತು.

ಈ ಉದಾಹರಣೆ ಮೀಟಿಂಗಿನಲ್ಲಿ ಬಂದಾಗ ಎಲ್ಲರೂ ನಕ್ಕರು. "ಡಬ್ಬಾ ಯೂಸರ್ಸ್, ಏನು ಬೇಕು ಅಂತ ಅವರಿಗೇ ಗೊತ್ತಿಲ್ಲ" ಅಂದರು ಮ್ಯಾನೇಜರ್. ನಾನೂ ನಕ್ಕೆ. ಅಪ್ಪ ಹದಿನೈದು ವರ್ಷ ಬೆನ್ನಿಗೆ ಹೊತ್ತ ಪಂಪು ಅದು, ಅದರ ಹೆಸರು ನನಗೆ ಗೊತ್ತಿತ್ತು, ಆದರೂ ಬಾಯಿ ಬಿಡಲಿಲ್ಲ. ರಾಯಚೂರು ಸಿಟಿಗೆ ಪಿಯುಸಿಗೆ ಬಂದಾಗಿನಿಂದ ಒಂದೊಂದೇ ಮಾತನ್ನು ನಾಲಿಗೆಯಿಂದ ಕಿತ್ತು ಬಿಸಾಡುತ್ತಾ ಬಂದವನು ನಾನು. "ಐತಿ" ಹೋಗಿ "ಇದೆ" ಆಯಿತು, "ಶೇಂಗಾ" ಹೋಗಿ "ಕಡ್ಲೆಕಾಯಿ" ಆಯಿತು, ಬೆಂಗಳೂರಿಗೆ ಬಂದ ಮೇಲೆ ಅದೂ ಹೋಗಿ "ಪೀನಟ್ಸ್" ಆಯಿತು. ಕಂಪನಿಗೆ ನನ್ನಿಂದ ನಿಜವಾಗಿ ಸಿಗಬಹುದಾಗಿದ್ದ ವಿದ್ಯೆಯನ್ನು ಇಂಟರ್‌ವ್ಯೂಗೆ ಮುಂಚೆಯೇ ಮುಚ್ಚಿಟ್ಟಿದ್ದೆ. ಕೋಡ್ ಬರೆಯೋರು ಬೇಕಾದಷ್ಟು ಜನ ಸಿಗ್ತಾರೆ ಸ್ವಾಮಿ, "ಎಣ್ಣಿ ಪಂಪ" ಅಂದರೆ ಏನು ಅಂತ ಗೊತ್ತಿದ್ದವನು ಆ ರೂಮಿನಲ್ಲಿ ನಾನೊಬ್ಬನೇ ಇದ್ದೆ.

ಈಗ ಹೊಸ ಮಂತ್ರ ಎಐ. ವೆಕ್ಟರ್ ಸರ್ಚ್ ಹಾಕಿದರೆ ಪದವಲ್ಲ, ಅರ್ಥವೇ ಹೊಂದುತ್ತದಂತೆ. ತಿರ್ಪಾಲ್‌ಗೂ ಟಾರ್ಪಾಲಿನ್‌ಗೂ ಗಂಟು ಹಾಕುತ್ತೆ, ಒಪ್ಪಿದೆ, ತಿರ್ಪಾಲ್ ಹಿಂದಿ. ಆದರೆ ಮಾಡೆಲ್ ಕಲಿಯೋದು ಎಲ್ಲೋ ಬರೆದಿಟ್ಟದ್ದನ್ನು ಓದಿ. ನಮ್ಮ ಕಡೆಯ ಮಾತನ್ನು ಬರೆದಿಟ್ಟವರು ಎಷ್ಟು ಜನ? ಬರೆಯಬಲ್ಲವರು ನನ್ನಂಥವರು, ನಾವೇ ನಾಚಿಕೊಂಡು ಕೂತಿದ್ದೀವಿ.

ನಮ್ಮ ಜಿಲ್ಲೆಯ ಮಸ್ಕಿ ನೆನಪಾಗುತ್ತೆ. ದೇಶದ ಉದ್ದಗಲದ ಬಂಡೆಗಳ ಮೇಲೆ ದೇವಾನಾಂಪ್ರಿಯ, ಪ್ರಿಯದರ್ಶಿ ಅಂತಷ್ಟೇ ಇತ್ತು; ಅವನೇ ಅಶೋಕ ಅಂತ ವಿದ್ವಾಂಸರು ಬೇರೆ ಗ್ರಂಥಗಳಿಂದ ಅಂದಾಜು ಮಾಡಿದ್ದರು. 1915ರಲ್ಲಿ ಬೀಡನ್ ಎಂಬ ಗಣಿ ಎಂಜಿನಿಯರ್‌ಗೆ ಸಿಕ್ಕ ಮಸ್ಕಿಯ ಶಾಸನದಲ್ಲಿ ಬಿರುದಿನ ಪಕ್ಕದಲ್ಲೇ ಅಶೋಕ ಅನ್ನೋ ಹೆಸರಿತ್ತು, ಅನುಮಾನ ಹೋಯಿತು. ಎರಡು ಹೆಸರು ಅಕ್ಕಪಕ್ಕ ಬರೆದ ಒಂದೇ ಸಾಲು. ಸಿನಾನಿಮ್ ಫೈಲ್ ಅಂದರೂ ಅದೇ.

"ಹಳ್ಳಿಯವರು ಎಷ್ಟು ಜನ ಆರ್ಡರ್ ಮಾಡ್ತಾರೆ, ಅವರಿಗೋಸ್ಕರ ಇಷ್ಟು ಕಷ್ಟ ಯಾಕೆ?" ಅಂತ ಕೇಳೋರಿದ್ದಾರೆ. ಸಾಮಾನು ತೋರಿಸದೆ, ಯಾರೂ ಕೊಳ್ಳಲಿಲ್ಲ ಅಂತ ಲೆಕ್ಕ ತೆಗೆಯೋದು ಯಾವ ನ್ಯಾಯ? ಸೊನ್ನೆ ನೋಡಿ ಹೋದವನು ಮತ್ತೆ ಬರೋದಿಲ್ಲ, ದೂರೂ ಕೊಡೋದಿಲ್ಲ. ಮಾವ ನನಗೆ ಫೋನ್ ಮಾಡಿದ್ದು ನಾನು ಅಳಿಯ ಅನ್ನೋ ಕಾರಣಕ್ಕೆ.

ದೀಪಾವಳಿಗೆ ಊರಿಗೆ ಹೋದಾಗ ಲ್ಯಾಪ್‌ಟಾಪ್ ತೆಗೆದು ಅವ್ವ, ಮಾವನ ನಡುವೆ ಕೂತೆ. ಕ್ಯಾಟಲಾಗಿನ ಫೋಟೊ ಒಂದೊಂದೇ ತೋರಿಸಿ "ಇದಕ್ಕ ಏನಂತೀರಿ?" ಅಂತ ಕೇಳಿದೆ. ಎರಡು ಸಂಜೆ ಹಿಡಿಯಿತು. ಅವರಿಬ್ಬರ ನಡುವೆಯೇ ಜಗಳ, ದೇವದುರ್ಗದ ಹೆಸರು ಬೇರೆ, ಮಾನ್ವಿಯದು ಬೇರೆ. ಎರಡನ್ನೂ ಬರೆದುಕೊಂಡೆ. ವಾಪಸು ಬಂದು ಫೈಲ್ ಹಾಕೋಕೆ ಅರ್ಧ ದಿನ ಸಾಕಾಯಿತು. ಈಗ ತಾಡಪತ್ರಿ ಸಿಗುತ್ತೆ.

ಬರೋ ಗುರುವಾರ ಇನ್ನೊಂದು ಕಂಪನಿಯವರು ಬಂದು ಎಐ ಸರ್ಚ್ ಡೆಮೊ ಕೊಡ್ತಾರಂತೆ. ಟೈಪ್ ಮಾಡೋಕೆ ಕೀಬೋರ್ಡ್ ನನಗೆ ಕೊಡಿ ಅಂತ ಮೊದಲೇ ಕೇಳಿಟ್ಟಿದ್ದೀನಿ.