ಗೃಹೋದ್ಯಾನ: ಹೊಳೆಮತ್ತಿಯನ್ನು ಬೀಜದಿಂದ ಬೆಳೆಸುವುದು

ಕಾವೇರೀತೀರದ ಗ್ರಾಮವೊಂದರಿಂದ ಸೋದರಿಯೊಬ್ಬರು ಹೀಗೆ ಬರೆದಿರುವರು: “2019ನೆಯ ಆಗಸ್ಟಿನ ಪ್ರವಾಹದಲ್ಲಿ ನಮ್ಮ ತೋಟದಂಚಿನ ಹಿರಿಯ ಹೊಳೆಮತ್ತಿಯು ಬುಡಸಮೇತ ಉರುಳಿತು. ಅಂದಿನಿಂದ ಮಳೆಗಾಲ ಬಂದಿತೆಂದರೆ ದಡವು ಕುಸಿಯುತ್ತಲಿದೆ. ಆ ಬೇಸಗೆಯಲ್ಲಿ ಆಯ್ದಿದ್ದ ಕಾಯಿಗಳನ್ನು ನಮ್ಮ ಅತ್ತೆಯವರು ಡಬ್ಬಿಯಲ್ಲಿ ಜೋಪಾನಮಾಡಿದ್ದರು. ಕಳೆದ ವರ್ಷ ಇಪ್ಪತ್ತನ್ನು ಬಿತ್ತಿದೆವು; ಒಂದೂ ಮೊಳೆಯಲಿಲ್ಲ. ಅತ್ತೆಯವರು ಬಹಳ ನೊಂದುಕೊಂಡಿದ್ದಾರೆ. ನಮ್ಮಿಂದಾದ ತಪ್ಪೇನು?”

ಸೋದರಿ, ಬಿತ್ತಿದ ಕೈಯಲ್ಲಿ ದೋಷವಿಲ್ಲ. ಈ ಬೀಜದ ಜೀವವು ಸುಮಾರು ಒಂದು ವರ್ಷದೊಳಗೆ ಉಡುಗಿಹೋಗುವುದು. ಡಬ್ಬಿಯಲ್ಲಿ ಉಳಿದಿರುವ ಕಾಯಿಗಳು ಹಿರಿಯರ ನೆನಪಿಗೆ ಇರಲಿ. ಬಿತ್ತನೆಗೆ ಹೊಸ ಕಾಯಿಗಳೇ ಬೇಕು.

ಬಾಲಕೃಷ್ಣನು ಒರಳನ್ನೆಳೆದು ಉರುಳಿಸಿದ ಯಮಳಾರ್ಜುನಗಳ ಕಥೆಯನ್ನು ಮಕ್ಕಳೂ ಬಲ್ಲರಷ್ಟೆ. ಆ ಅರ್ಜುನವೃಕ್ಷವೇ ನಮ್ಮ ಹೊಳೆಮತ್ತಿ. ತೊರೆಮತ್ತಿ, ನೀರುಮತ್ತಿ ಎಂತಲೂ ಕರೆಯುವರು. ನಸುಬೂದು ಬಣ್ಣದ ನುಣುಪಾದ ತೊಗಟೆಯಿಂದ ಇದನ್ನು ಗುರುತಿಸಬಹುದು. ಒರಟು ತೊಗಟೆಯ ಕರಿಮತ್ತಿಯು ಬೇರೆ. ಅದರ ಕಾಯಿಯನ್ನು ಆಯ್ದುಕೊಂಡು ಮೋಸಹೋಗಬಾರದು.

ಕಾಯಿಗಳು ಫೆಬ್ರವರಿಯಿಂದ ಮೇ ತಿಂಗಳೊಳಗೆ ಬಲಿತು ಉದುರುವುವು. ಐದು ರೆಕ್ಕೆಗಳುಳ್ಳ, ಎರಡು ಬೆರಳಿನಷ್ಟಗಲದ, ಕಟ್ಟಿಗೆಯಂತಹ ಗಟ್ಟಿಕಾಯಿ. ಬುಡದಲ್ಲಿ ಹೊಸದಾಗಿ ಬಿದ್ದಿರುವುದನ್ನೇ ಆಯಿರಿ. ಒಂದೆರಡನ್ನು ಕತ್ತಿಯಿಂದ ಸೀಳಿ ನೋಡತಕ್ಕದ್ದು. ಒಳಗಣ ತಿರುಳು ಬಿಳುಪಾಗಿ ತುಂಬಿಕೊಂಡಿದ್ದರೆ ಉತ್ತಮ. ಒಣಗಿ ಕಪ್ಪಾಗಿದ್ದರೆ ಬೇರೆ ಮರವನ್ನು ಹುಡುಕುವುದು ಲೇಸು.

ಕಾಯಿಗಳನ್ನು ಎರಡು ಹಗಲು ಎರಡು ರಾತ್ರಿ ತಣ್ಣೀರಿನಲ್ಲಿ ನೆನೆಯಿಡಿ. ದಿನಕ್ಕೊಮ್ಮೆ ನೀರನ್ನು ಬದಲಾಯಿಸಿರಿ. ಕೆಮ್ಮಣ್ಣು, ಮರಳು, ಕಳಿತ ಗೊಬ್ಬರ ಇವುಗಳನ್ನು ಸಮನಾಗಿ ಬೆರೆಸಿ ಆಳವಾದ ಕುಂಡಗಳಿಗೆ ತುಂಬಿ, ಕಾಯಿಯ ಮೇಲೆ ಒಂದು ಬೆರಳಿನಷ್ಟು ಮಣ್ಣು ಮುಚ್ಚುವಂತೆ ಬಿತ್ತಿರಿ. ಅರೆನೆರಳಿನಲ್ಲಿಟ್ಟು ಮಣ್ಣು ಒಣಗದಂತೆ ನೋಡಿಕೊಂಡರೆ ಸಾಕು.

ಇನ್ನು ಬೇಕಾದುದು ತಾಳ್ಮೆ. ಕೆಲವು ಮೂರನೆಯ ವಾರದಲ್ಲಿ ತಲೆಯೆತ್ತುವುವು. ಕೆಲವಕ್ಕೆ ಎರಡು ತಿಂಗಳಿಗೂ ಹೆಚ್ಚು ಬೇಕಾಗುವುದು. ಅನೇಕರು ತಿಂಗಳಾಗುತ್ತಲೇ ನಿರಾಶರಾಗಿ ಕುಂಡವನ್ನು ಬರಿದುಮಾಡಿ, ಮೊಳೆಯಲಿದ್ದುದನ್ನು ತಿಪ್ಪೆಗೆ ಚೆಲ್ಲುವರು. ಎಲ್ಲವೂ ಸರಿಯಾಗಿದ್ದರೂ ನೂರಕ್ಕೆ ಐವತ್ತು ಅರುವತ್ತು ಮೊಳೆತರೆ ಲಾಭವೆಂದೇ ತಿಳಿಯಬೇಕು. ಆದುದರಿಂದ ಐದು ಗಿಡಗಳು ಬೇಕಾದವರು ಹದಿನೈದು ಕಾಯಿಗಳನ್ನಾದರೂ ಬಿತ್ತತಕ್ಕದ್ದು.

ಸಸಿಗಳನ್ನು ಒಂದು ವರ್ಷ ಕುಂಡದಲ್ಲಿಯೇ ಬೆಳೆಸಿ, ಮರುವರ್ಷದ ಮೊದಲ ಮಳೆಗಳಲ್ಲಿ ತಾಯಿಬೇರು ಮುರಿಯದಂತೆ ಮಣ್ಣಿನ ಹೆಂಟೆಯೊಡನೆ ನೆಡಿ. ದನಕರುಗಳು ಮೇಯದಂತೆ ಮುಳ್ಳಿನ ಬೇಲಿ ಅಗತ್ಯ.

ಒಂದು ಮಾತನ್ನು ಮುಚ್ಚಿಡದೆ ಹೇಳಬೇಕು. ಎಳೆಯ ಸಸಿಯು ನದಿಯನ್ನು ತಡೆಯಲಾರದು. ಅದರ ಬೇರು ದಡವನ್ನು ಹಿಡಿಯಲು ಹಲವು ವರ್ಷಗಳು ಬೇಕು. ಕುಸಿಯುವ ಅಂಚಿನಲ್ಲಿಯೇ ನೆಟ್ಟರೆ ಮುಂದಿನ ನೆರೆಯೊಡನೆ ಹೋದೀತು. ಅಂಚಿನಿಂದ ಹತ್ತು ಹನ್ನೆರಡು ಅಡಿ ಒಳಗೆ ನೆಟ್ಟು, ಮುಂದಣ ಇಳಿಜಾರಿನಲ್ಲಿ ಲಾವಂಚವನ್ನೂ ಲಕ್ಕಿಯನ್ನೂ ಒತ್ತಾಗಿ ಹಾಕಿರಿ. ಮರವು ಬಲಿಯುವವರೆಗೆ ಅವು ಮಣ್ಣನ್ನು ಕಾಯುವುವು.

ಕೊನೆಗೆ, ಅತ್ತೆಯವರಿಗೆ ಒಂದು ಸಮಾಧಾನದ ಮಾತು. ಹೊಳೆಮತ್ತಿಯ ಕಾಯಿಗಳನ್ನು ನೀರೂ ಹೊತ್ತೊಯ್ದು ಕೆಳಗಣ ದಡಗಳಿಗೆ ಮುಟ್ಟಿಸುವುದುಂಟು. ತಮ್ಮ ಮರವು ಎಷ್ಟೋ ವರ್ಷ ಕಾವೇರಿಗೆ ಕಾಯಿಗಳನ್ನು ಉದುರಿಸಿತಲ್ಲವೆ? ಬರುವ ಬೇಸಗೆಯಲ್ಲಿ ಅವರನ್ನು ಕರೆದುಕೊಂಡು ಹೊಳೆಯ ಕೆಳಮಗ್ಗುಲಿಗೆ ಹೋಗಿ, ಅಲ್ಲಿಯ ಮತ್ತಿಗಳ ಬುಡದಲ್ಲಿ ಕಾಯಿ ಆಯಿರಿ. ಅವುಗಳಲ್ಲಿ ಒಂದಾದರೂ ತಮ್ಮ ಮರದ ಸಂತಾನವಾಗಿದ್ದೀತು. ಮೊದಲ ಕಾಯಿಯನ್ನು ಅವರ ಕೈಯಿಂದಲೇ ಬಿತ್ತಿಸಿರಿ. ಮೊಳೆತ ದಿನ ನಮಗೂ ಒಂದು ಕಾಗದ ಬರೆಯಿರಿ.