ದ್ವೀಪದ ರೆಸಾರ್ಟಿಗೆ ಹೋದವರಿಗೆ ಮೀಸಲಾತಿ ಯಾಕ ಅಂತ ಕೇಳುವವರಿಗೆ



ನಮ್ಮ ಜನ ಸಮುದ್ರದಂಡೆಯ ರೆಸಾರ್ಟಿನಾಗ ಕುಂತು ಒಂದು ಫೋಟೊ ಹಾಕಿದ್ರ ಸಾಕು, ಕೆಳಗ ಕಮೆಂಟ್ ಶುರು: "ಇಷ್ಟು ರೊಕ್ಕ ಇದ್ದವರಿಗೆ ಮೀಸಲಾತಿ ಯಾಕ?" ನಮ್ಮ ಪರಿಚಯದ ಒಂದು ಮನೆಯವರು ಲಕ್ಷದ್ವೀಪಕ್ಕೆ ಹೋಗಿ ಬಂದರು. ಗಂಡ ಹೆಂಡತಿ ಇಬ್ಬರೂ ನೌಕರಿ, ಎರಡು ವರ್ಷ ಭಿಶಿ ಕಟ್ಟಿ ಕೂಡಿಸಿದ ರೊಕ್ಕ. ಅವರಿಗೂ ಇದೇ ಪ್ರಶ್ನೆ. ಬೆಳಗಾವಿಯಿಂದ ವಾರಕ್ಕೊಮ್ಮೆ ಗೋವಾಕ್ಕೆ ಹೋಗಿ ಬೀಚ್ ಫೋಟೊ ಹಾಕುವ ಉಳಿದವರನ್ನ ಯಾರೂ ಏನೂ ಕೇಳೂದಿಲ್ಲ ನೋಡ್ರಿ.

ಮೀಸಲಾತಿ ಬಡತನ ನಿವಾರಣೆ ಯೋಜನೆ ಅಲ್ಲ. ಜಾತಿ ನೋಡಿ ಮುಚ್ಚಿದ ಬಾಗಿಲು ತೆಗೆಸುವ ಹಕ್ಕು ಅದು. 1917ರಲ್ಲಿ ಬಾಬಾಸಾಹೇಬರು ಕೊಲಂಬಿಯಾದಲ್ಲಿ, ಲಂಡನ್‌ನಲ್ಲಿ ಓದಿ ಬಂದು ಬರೋಡಾ ಸಂಸ್ಥಾನದ ನೌಕರಿಗೆ ಸೇರಿದರು. ಸಂಬಳ ಇತ್ತು, ಇರಲಿಕ್ಕೆ ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿ ಪಾರ್ಸಿ ವಸತಿಗೃಹದಾಗ ಇದ್ದರು. ಹನ್ನೊಂದನೇ ದಿನ ಬಡಿಗಿ ಹಿಡಿದು ಬಂದವರು ಅವರನ್ನ ಹೊರಗ ಹಾಕಿದರು. 'ವೇಟಿಂಗ್ ಫಾರ್ ಎ ವೀಸಾ'ದಲ್ಲಿ ಅವರೇ ಇದನ್ನ ಬರೆದಿದ್ದಾರೆ. ರೊಕ್ಕ ಬಂದ್ರ ಜಾತಿ ಹೋಗ್ತದ ಅನ್ನೋ ನಿಮ್ಮ ಲೆಕ್ಕ ಅವತ್ತು ಎಲ್ಲಿತ್ರಿ?

ಅದಕ್ಕೇ ಸಂವಿಧಾನದ 15(2)ನೇ ವಿಧಿಯಲ್ಲಿ ಅಂಗಡಿ, ಹೋಟೆಲ್, ಬಾವಿ, ಕೆರೆ, ಸ್ನಾನಘಟ್ಟ ಅಂತ ಒಂದೊಂದಾಗಿ ಹೆಸರಿಡಿದು ಬರೆದರು. ಹೋಟೆಲಿನ ಕೋಣೆ ನಮಗ ಐಷಾರಾಮ ಅಷ್ಟೇ ಅಲ್ಲ, ಹೋರಾಡಿ ಪಡೆದ ಹಕ್ಕು. ಮತ್ತ, 2019ರ 103ನೇ ತಿದ್ದುಪಡಿಯಿಂದ ಬಂದ 10% ಕೋಟಾದಾಗ ವರ್ಷಕ್ಕೆ 8 ಲಕ್ಷದ ಒಳಗಿನ ಆದಾಯದವರು "ಬಡವರು". ನಾವು ಮೂರು ದಿನ ಬೀಚಿಗೆ ಹೋದ್ರ "ಶ್ರೀಮಂತರು". ಇದ್ಯಾವ ತಕ್ಕಡಿ?

ಈಗ ಹೋಗುವ ನಮ್ಮವರಿಗೆ ಒಂದು ಮಾತು. ಹೋಗ್ರಿ, ಖುಷಿಯಿಂದ ಹೋಗ್ರಿ. ಆದ್ರ ಆ ನೆಲ ಯಾರದು ಅಂತ ತಿಳಕೊಂಡು ಹೋಗ್ರಿ. ಲಕ್ಷದ್ವೀಪದ 36 ದ್ವೀಪಗಳಲ್ಲಿ ಜನ ಇರೋದು 10ರಲ್ಲಿ. 2011ರ ಜನಗಣತಿ ಪ್ರಕಾರ ಅಲ್ಲಿದ್ದ 64 ಸಾವಿರ ಜನರಲ್ಲಿ ಸುಮಾರು 95% ಪರಿಶಿಷ್ಟ ಪಂಗಡದವರು. 2021ರಲ್ಲಿ "ಅಭಿವೃದ್ಧಿ" ಹೆಸರಿನಲ್ಲಿ ಅವರ ಭೂಮಿ ಮೇಲೆ ಆಡಳಿತಕ್ಕೆ ಭಾರೀ ಅಧಿಕಾರ ಕೊಡುವ ಕರಡು ಬಂದಾಗ ಮನೆಮನೆಯಲ್ಲಿ ಉಪವಾಸ ಕುಂತರು. 2023ರಲ್ಲಿ ಸುಹೇಲಿ ಮತ್ತು ಕದ್ಮತ್ ದ್ವೀಪಗಳಿಗೆ ಟಾಟಾದವರ ತಾಜ್ ರೆಸಾರ್ಟ್ ಘೋಷಣೆ ಆಯ್ತು. 2024ರ ಜನವರಿಯಲ್ಲಿ ಪ್ರಧಾನಿ ಅಲ್ಲಿ ಫೋಟೊ ತೆಗೆಸಿಕೊಂಡ ಮೇಲೆ ಎಲ್ಲರಿಗೂ ಆ ದ್ವೀಪ ಬೇಕಾಯ್ತು.

ಅಲ್ಲಿ ಒಂದು ಪ್ರಶ್ನೆ ಕೇಳ್ರಿ: ಇಲ್ಲಿ ಮ್ಯಾನೇಜರ್ ಯಾರು, ಪಾಯಖಾನಿ ತೊಳೆಯೋರು ಯಾರು? ಖಾನಾಪುರದ ನಮ್ಮ ಹುಡುಗರು ಘಟ್ಟ ಇಳಿದು ಗೋವಾದ ಹೋಟೆಲುಗಳಲ್ಲಿ ಪಾತ್ರೆ ತೊಳೀತಾರ. ಅದೇ ಹೋಟೆಲಿನ ಆಫೀಸಿನಾಗ ಅವರಿಗೆ ಕುರ್ಚಿ ಇಲ್ಲ. ಯಾಕಂದ್ರ ಖಾಸಗಿ ವಲಯದಲ್ಲಿ ಮೀಸಲಾತಿ ಇಲ್ಲ. ಗಿರಾಕಿಯಾಗಿ ರೊಕ್ಕ ಕೊಟ್ರ ಬಾಗಿಲು ತೆಗೀತದ, ಅಧಿಕಾರದ ಕೋಣೆ ಬಾಗಿಲು ಇನ್ನೂ ಮುಚ್ಚೇ ಐತಿ.

ಹಂಗಾಗಿ "ಮೀಸಲಾತಿ ಯಾಕ" ಅನ್ನೋರಿಗೆ ನನ್ನ ಉತ್ತರ ಇಷ್ಟ: ಇದ್ದದ್ದು ಬಿಡೂದಿಲ್ಲ, ಖಾಸಗಿಯಲ್ಲೂ ಬೇಕು.

ಜೈ ಭೀಮ್. ಓದಿದವರು ಹಂಚಿಕೊಳ್ರಿ.